ಹಲ್ಲು ನೋಡಿ ಎತ್ತಿನ ಬೆಲೆ, ವಯಸ್ಸು ನೋಡಿ ಫುಟ್‌ಬಾಲ್ ಆಟಗಾರನ ಬೆಲೆ

ಅಕ್ಕಲಕೋಟ: ಸಂಕ್ರಾಂತಿ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆ ನೋಡಿದವರಿಗೆ ಈ ಮಾತು ಹೊಸದಲ್ಲ. ಖಿಲಾರಿ ಹೋರಿಯ ಮೈಕಟ್ಟು, ಕೋಡು, ನಡಿಗೆ ಎಲ್ಲ ಮೆಚ್ಚಿದರೂ ಗಿರಾಕಿ ಬಾಯಿ ಬಿಡಿಸಿ ಹಲ್ಲು ನೋಡದೆ ಬೆಲೆ ಆಡುವುದಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲಿನ ಹೋರಿಗೆ, ಅಂದರೆ ಮರಾಠಿಯ ದುಸಾ, ಚೌಸಾಕ್ಕೆ ಒಂದು ಬೆಲೆ. ಬಾಯಿ ಕೂಡಿ ವರ್ಷಗಳಾದ ಎತ್ತಿಗೆ ಇನ್ನೊಂದು. ಹಳೆಯ ಎತ್ತು ಈ ವರ್ಷ ಚೆನ್ನಾಗಿಯೇ ದುಡಿದೀತು. ಆದರೆ ನಾಲ್ಕು ವರ್ಷ ಬಿಟ್ಟು ಮಾರಲು ಹೋದರೆ ಕೇಳುವವರು ಇರುವುದಿಲ್ಲ. ಎಳೆಯ ಹೋರಿ ದುಡಿದ ಮೇಲೂ ಹಾಕಿದ ದುಡ್ಡಿನ ಒಂದು ಪಾಲನ್ನು ತಿರುಗಿ ತರುತ್ತದೆ.

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ. ಒಂದು ಕ್ಲಬ್ಬಿನ ಜೊತೆ ಕರಾರಿನಲ್ಲಿರುವ ಆಟಗಾರ ಬೇಕೆಂದರೆ ಆ ಕ್ಲಬ್ಬಿಗೆ ಕೊಡುವ ಹಣವೇ ವರ್ಗಾವಣೆ ಶುಲ್ಕ. ಇದು ಆಟಗಾರನ ಸಂಬಳವಲ್ಲ.

ಕ್ರಿಸ್ಟಿಯಾನೊ ರೊನಾಲ್ಡೊ ಅವರ ಉದಾಹರಣೆ ನೋಡಿ. 2009ರಲ್ಲಿ 24ರ ವಯಸ್ಸಿನ ಅವರನ್ನು ರಿಯಲ್ ಮ್ಯಾಡ್ರಿಡ್ ಸುಮಾರು 9.4 ಕೋಟಿ ಯೂರೊ ಕೊಟ್ಟು ಕೊಂಡಿತು. ಒಂಬತ್ತು ವರ್ಷ ಆಡಿಸಿ, 2018ರಲ್ಲಿ ಸುಮಾರು 10 ಕೋಟಿ ಯೂರೊಗೆ ಯುವೆಂಟಸ್‌ಗೆ ಮಾರಿತು. ಅಸಲು ಪೂರ್ತಿ ಕೈಗೆ ಬಂತು. ಯುವೆಂಟಸ್ ಕೊಂಡಾಗ ರೊನಾಲ್ಡೊಗೆ 33. ಗೋಲುಗಳಿಗೇನೂ ಬರ ಬರಲಿಲ್ಲ. ಆದರೆ 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಿಟ್ಟುಕೊಟ್ಟಾಗ ಸಿಕ್ಕ ಮೂಲ ಮೊತ್ತ 1.5 ಕೋಟಿ ಯೂರೊ ಮಾತ್ರ.

ಕ್ಲಬ್ಬಿನ ಲೆಕ್ಕಪುಸ್ತಕದಲ್ಲೂ ವಯಸ್ಸು ಎದ್ದು ಕಾಣುತ್ತದೆ. 50 ಕೋಟಿ ಕೊಟ್ಟು ಐದು ವರ್ಷಕ್ಕೆ ಕರಾರು ಮಾಡಿಕೊಂಡರೆ ವರ್ಷಕ್ಕೆ 10 ಕೋಟಿಯಂತೆ ಖರ್ಚು ಬರೆಯುತ್ತಾರೆ. ಮೂರು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು 20 ಕೋಟಿ. 22ರ ಹುಡುಗನನ್ನು ಕೊಂಡಿದ್ದರೆ ಆಗ ಅವನಿಗೆ 25; 30 ಕೋಟಿಗೆ ಮಾರಿದರೂ 10 ಕೋಟಿ ಲಾಭ. 31ರವನನ್ನು ಕೊಂಡಿದ್ದರೆ ಆಗ 34. ಆ 20 ಕೋಟಿ ಹುಟ್ಟುವುದೇ ಕಷ್ಟ.

ಹಾಗಂತ ವಯಸ್ಸೊಂದೇ ಸಾಲದು, ಕರಾರಿನ ಅವಧಿಯೂ ಉಳಿದಿರಬೇಕು. 1995ರ ಬೋಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಕರಾರು ಮುಗಿದ ಆಟಗಾರ ಶುಲ್ಕವಿಲ್ಲದೆ ಬೇರೆ ಕ್ಲಬ್ ಸೇರಬಹುದು. ಸುಮಾರು 18 ಕೋಟಿ ಯೂರೊ ಕೊಟ್ಟು ಪ್ಯಾರಿಸ್ ಕ್ಲಬ್ ತಂದಿದ್ದ ಕಿಲಿಯನ್ ಎಂಬಾಪೆ, 2024ರಲ್ಲಿ 25ರ ತುಂಬು ಪ್ರಾಯದಲ್ಲೇ ಕರಾರು ಮುಗಿಸಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಪ್ಯಾರಿಸ್‌ಗೆ ವರ್ಗಾವಣೆ ಶುಲ್ಕ ಬರಲಿಲ್ಲ. ಎತ್ತಿಗೂ ಆಟಗಾರನಿಗೂ ಇರುವ ವ್ಯತ್ಯಾಸ ಇದೇ: ಆಟಗಾರನ ಸಹಿ ಇಲ್ಲದೆ ವ್ಯಾಪಾರವಿಲ್ಲ.

ಮರುಮಾರಾಟದ ಪ್ರಶ್ನೆಯೇ ಇಲ್ಲದಿದ್ದರೆ ಏನಾಗುತ್ತದೆ? 2015ರ ಐಎಸ್‌ಎಲ್ ಹರಾಜಿನಲ್ಲಿ ಅದು ಕಂಡಿತು. ಅಲ್ಲಿ ಕೂಗಿದ್ದು ಒಂದು ಸೀಸನ್ ಆಡಿಸಲು. ಬೆಂಗಳೂರು ಎಫ್‌ಸಿಯ 30 ವರ್ಷದ ಸುನೀಲ್ ಛೇತ್ರಿಗೆ ಮುಂಬೈ ತಂಡ 1.2 ಕೋಟಿ ರೂಪಾಯಿ ಕೂಗಿತು. ಆ ಹರಾಜಿನ ಅತಿ ದೊಡ್ಡ ಮೊತ್ತ ಅದೇ. ಅದೇ ಛೇತ್ರಿ 40ರ ವಯಸ್ಸಿನಲ್ಲಿ, 2024-25ರ ಐಎಸ್‌ಎಲ್‌ನಲ್ಲಿ ಬೆಂಗಳೂರಿಗಾಗಿ 14 ಗೋಲು ಹೊಡೆದರು. ಆಟದ ಬೆಲೆ ಬೇರೆ, ಮಾರುವ ಬೆಲೆ ಬೇರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗಡಿಭಾಗದ ಹಳ್ಳಿಗೆ ಇದರಿಂದ ಏನು ಎಂದು ಕೇಳಬಹುದು. ಆಟಗಾರ ಕರಾರಿನಲ್ಲಿದ್ದಾಗಲೇ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ, ಶುಲ್ಕದ ಶೇ. 5ರವರೆಗೆ ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. ಸಣ್ಣ ಊರಿನ ಕ್ಲಬ್ಬಿಗೂ ಪಾಲುಂಟು, ಆದರೆ ಹುಡುಗನ ನೋಂದಣಿ ಆಗಿರಬೇಕು.

ಇನ್ನೊಂದು, ಹುಟ್ಟಿದ ತಾರೀಕು. ವಯಸ್ಸಿಗೆ ಇಷ್ಟು ಬೆಲೆ ಇರುವುದರಿಂದಲೇ ಅದನ್ನು ಕಡಿಮೆ ತೋರಿಸುವ ಆಸೆಯೂ ಹುಟ್ಟುತ್ತದೆ. 2009ರಿಂದ 17ರೊಳಗಿನವರ ವಿಶ್ವಕಪ್‌ನಲ್ಲಿ ಫಿಫಾ ಮಣಿಕಟ್ಟಿನ ಎಂಆರ್‌ಐ ತೆಗೆಸಿ ನೋಡುತ್ತಿದೆ. ನಮ್ಮ ಹಳ್ಳಿಗಳಲ್ಲಿ ಮೋಸವಿಲ್ಲದೆಯೂ ತಪ್ಪಾಗುವುದುಂಟು: ಶಾಲೆಗೆ ಸೇರಿಸುವಾಗ ಅಂದಾಜಿಗೆ ಜೂನ್ 1 ಎಂದು ಬರೆಸಿದವರು ಎಷ್ಟೋ ಜನ. ಹಾಗೆ ಒಂದು ವರ್ಷ ಹೆಚ್ಚು ಬರೆಸಿದರೆ ಆಡುವ ಹುಡುಗ ಒಂದು ವರ್ಷದ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಮಗನಿಗೆ ಬೂಟು ಕೊಡಿಸುವ ಮೊದಲು ಅವನ ಜನನ ದಾಖಲೆ ಸರಿಯಿದೆಯೇ ಎಂದು ನೋಡುವುದು ಒಳ್ಳೆಯದು.