ತೊಡೆಯೆಲುಬಿನ ಕೊರಳು: ರಚನೆ ಮತ್ತು ಭಂಗ

2011ರ ಜನಗಣತಿಯಂತೆ ಕೇರಳದ ಪ್ರತಿ ನೂರು ಮಂದಿಯಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಅರುವತ್ತು ವರ್ಷ ತುಂಬಿದವರು. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿಯೂ ಊರಿನಿಂದ ಬಂದ ವೃದ್ಧ ತಾಯಿತಂದೆಗಳುಂಟು. ಮಳೆಗಾಲದ ಜಾರುವ ಅಂಗಳದಲ್ಲೋ ಬಚ್ಚಲಿನಲ್ಲೋ ಅವರು ಬಿದ್ದಾಗ, ಸೊಂಟ ಉಳುಕಿತೆಂದು ತೈಲ ತಿಕ್ಕಿಸಿ ಕಾಯುವುದುಂಟು. ಇದೇಕೆ ಅಪಾಯಕರವೆಂದು ತಿಳಿಯಲು ತೊಡೆಯೆಲುಬಿನ, ಎಂದರೆ ಊರ್ವಸ್ಥಿಯ, ಮೇಲ್ತುದಿಯ ರಚನೆಯನ್ನು ಅರಿಯಬೇಕು.

ಶರೀರದಲ್ಲಿ ಎಲ್ಲಕ್ಕಿಂತ ಉದ್ದವಾದ ಈ ಎಲುಬಿನ ತುದಿಯಲ್ಲಿ ಚೆಂಡಿನಂತಹ ತಲೆಯಿದ್ದು, ಅದು ಸೊಂಟದೆಲುಬಿನ ಬಟ್ಟಲಿನಲ್ಲಿ ತಿರುಗುತ್ತದೆ. ತಲೆಯ ಕೆಳಗಿನ ಕೊರಳು ಎಲುಬಿನ ಕಾಂಡದೊಡನೆ ಸುಮಾರು 125ರಿಂದ 130 ಡಿಗ್ರಿಗಳ ಕೋನವನ್ನುಂಟುಮಾಡುತ್ತದೆ. ಕೊರಳು ಕಾಂಡವನ್ನು ಸೇರುವೆಡೆಯಲ್ಲಿ ಸ್ನಾಯುಗಳು ಅಂಟಿಕೊಳ್ಳುವ ಎರಡು ಉಬ್ಬುಗಳಿವೆ. ಮೈಭಾರವು ಈ ಬಾಗಿದ ಕೊರಳನ್ನು ಹಾದು ಇಳಿಯಬೇಕಾದುದರಿಂದ, ಒಳಗಿನ ಎಲುಬಿನ ಎಳೆಗಳು ಭಾರದ ದಾರಿಯನ್ನೇ ಅನುಸರಿಸಿ ಕಮಾನಿನಂತೆ ಹೆಣೆದುಕೊಂಡಿವೆ. ಈ ಹೆಣಿಗೆಯ ನಡುವೆ ಎಳೆಗಳು ವಿರಳವಾದ ತ್ರಿಕೋನವೊಂದನ್ನು ವಾರ್ಡ್ 1838ರಲ್ಲಿ ವರ್ಣಿಸಿದನು. ಮುಪ್ಪಿನಲ್ಲಿ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಎಳೆಗಳು ಸವೆಯುವುದರಿಂದ, ನಿಂತಲ್ಲಿಂದ ಬಿದ್ದರೂ ಎಲುಬು ಮುರಿಯಬಲ್ಲುದು.

ಎಲ್ಲಿ ಮುರಿಯಿತೆಂಬುದೇ ಇಲ್ಲಿ ಮುಖ್ಯ. ತಲೆಗೆ ರಕ್ತವನ್ನೊಯ್ಯುವ ಧಮನಿಗಳು ಬಹುಮಟ್ಟಿಗೆ ಕೊರಳ ಮೇಲೆಯೇ ಹತ್ತಿಹೋಗುತ್ತವೆ. ಕೀಲಿನ ಚೀಲದೊಳಗೆ ಕೊರಳು ಮುರಿದು ಸರಿದರೆ ಅವು ಹರಿದು, ತಲೆಯು ರಕ್ತವಿಲ್ಲದೆ ನಿರ್ಜೀವವಾಗಬಹುದು. ಚೀಲದ ಹೊರಗೆ, ಉಬ್ಬುಗಳ ನಡುವೆ ಮುರಿದರೆ ರಕ್ತಸ್ರಾವ ಹೆಚ್ಚಾದರೂ ಎಲುಬು ಸಾಮಾನ್ಯವಾಗಿ ಕೂಡುತ್ತದೆ. ಈ ಭೇದವನ್ನು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನು 1822ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದನು. ಆದುದರಿಂದಲೇ ಸರಿದ ಕೊರಳಿನ ಭಂಗದಲ್ಲಿ ವೃದ್ಧರಿಗೆ ತಲೆಯನ್ನು ತೆಗೆದು ಕೃತಕವಾದುದನ್ನು ಇಡುವುದು ವಾಡಿಕೆ. ಉಬ್ಬುಗಳ ನಡುವಣ ಭಂಗವನ್ನು ಲೋಹದ ತಿರುಪು, ಸಲಾಕೆಗಳಿಂದ ಬಿಗಿಯುತ್ತಾರೆ.

ಬಿದ್ದವರ ಕಾಲು ಗಿಡ್ಡವಾಗಿ ಪಾದವು ಹೊರಕ್ಕೆ ಹೊರಳಿದ್ದರೆ ಭಂಗವನ್ನೇ ಶಂಕಿಸಬೇಕು. ಆದರೆ ತುಂಡುಗಳು ಒಂದರೊಳಗೊಂದು ಸಿಕ್ಕಿಕೊಂಡಾಗ ರೋಗಿಯು ಕುಂಟುತ್ತ ನಡೆಯುವುದೂ ಉಂಟು. ಆಗ ತಿಕ್ಕಿ ಎಳೆದರೆ ತುಂಡುಗಳು ಸರಿದು, ಉಳಿದ ಧಮನಿಗಳೂ ಹರಿದಾವು. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು, ನ್ಯುಮೋನಿಯ, ರಕ್ತ ಹೆಪ್ಪುಗಟ್ಟುವಿಕೆಗಳ ಭಯವೂ ಇದೆ. ಬಿದ್ದ ಬಳಿಕ ತೊಡೆಸಂದು ನೋಯುತ್ತಿದ್ದರೆ ಅಂದೇ ಎಕ್ಸ್‌ರೇ ತೆಗೆಸಬೇಕು. ಭಂಗವು ಕಂಡುಬಂದಲ್ಲಿ, ರೋಗಿಯ ಸ್ಥಿತಿ ಅನುಕೂಲವಾಗಿದ್ದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಮೇಲು.