ನೀರು ತುಂಬುವ ಹಬ್ಬ
ಪ್ರಶ್ನೆ: ದೀಪಾವಳಿಗೆ ಹಿಂದಿನ ಸಂಜೆಯೇ ಹಂಡೆಗೆ ನೀರು ತುಂಬಿ ಪೂಜಿಸುವುದೇಕೆ?

ಉತ್ತರ: ಆಶ್ವಯುಜ ಬಹುಳ ತ್ರಯೋದಶಿಯ, ಅಂದರೆ ಕೃಷ್ಣಪಕ್ಷದ ಹದಿಮೂರನೆಯ ತಿಥಿಯ ಈ ಆಚರಣೆಗೆ ಮರುದಿನದ ನರಕ ಚತುರ್ದಶಿಯೇ ಕಾರಣವಾಗಿದ್ದು, ಅಂದು ಸೂರ್ಯೋದಯಕ್ಕೆ ಮೊದಲೇ ಮನೆಮಂದಿಯೆಲ್ಲ ಅಭ್ಯಂಜನವನ್ನು, ಅಂದರೆ ಎಣ್ಣೆ ಹಚ್ಚಿ ಮಾಡುವ ಸ್ನಾನವನ್ನು ಮುಗಿಸಬೇಕಾದ್ದರಿಂದ, ನಲ್ಲಿಯಿಲ್ಲದ ಕಾಲದಲ್ಲಿ ಅಷ್ಟು ನೀರನ್ನು ಹಿಂದಿನ ಸಂಜೆಯೇ ಬಾವಿಯಿಂದ ಸೇದಿಡುವುದು ಅನಿವಾರ್ಯವಾಗಿತ್ತು. ಈ ಅನಿವಾರ್ಯತೆಯೇ ಕ್ರಮೇಣ ಪೂಜೆಯಾಗಿ, ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಮಲೆನಾಡಿನಲ್ಲಾದರೆ ಅದರ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿಯನ್ನು ಸುತ್ತಿ, ಹೊಸ ನೀರಿನಲ್ಲಿ ಗಂಗೆಯನ್ನು ಆವಾಹಿಸುವ, ಎಂದರೆ ಪ್ರಾರ್ಥಿಸಿ ಬರಮಾಡಿಕೊಳ್ಳುವ ಪದ್ಧತಿ ಬೆಳೆದಿರಬೇಕು. ಹಂಡೆಯಿರುವ, ವರ್ಷವಿಡೀ ಮಸಿ ಹಿಡಿದ ಬಚ್ಚಲಿಗೆ ದೇವರಕೋಣೆಯ ಮರ್ಯಾದೆ ಸಿಗುವುದು ಬಹುಶಃ ಇದೊಂದೇ ಸಂಜೆ. ಗೀಸರ್ ಬಂದಿರುವ ನಗರದ ಮನೆಗಳಲ್ಲಿ ಬಿಂದಿಗೆಗೋ ಬಕೆಟ್ಟಿಗೋ ಅರಿಶಿನ-ಕುಂಕುಮ ಹಚ್ಚಿ ಶಾಸ್ತ್ರ ಪೂರೈಸುವುದೂ ಉಂಟು.