ಅಡಿಕೆ ಸುಗ್ಗಿ, ಯುವ ಬಳಗ, ಬರವಣಿಗೆ: ವರ್ಷ ಹಂಚಿಕೊಳ್ಳುವ ಬಗೆ

ಮನೆ ನೋಡಿಕೊಂಡು, ಇಗರ್ಜಿಯ ಯುವಕ ಯುವತಿಯರ ಜೊತೆ ಓಡಾಡಿಕೊಂಡು, ಕಥೆ ಲೇಖನವನ್ನೂ ಬರೆಯುತ್ತೇನೆ ಎನ್ನುವವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಬರೆಯಿರಿ, ದಿನಕ್ಕೊಂದು ವೇಳಾಪಟ್ಟಿ ಹಾಕಿಕೊಳ್ಳಿ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಬೆಳಿಗ್ಗೆ ಐದಕ್ಕೆ ರಬ್ಬರ್ ಮರ ಕೊರೆಯುವವರು ತೋಟಕ್ಕೆ ಹೊರಟಿರುತ್ತಾರೆ, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುತ್ತದೆ, ಏಳೂವರೆಯ ಬಸ್ಸಿಗೆ ಮಕ್ಕಳ ಬುತ್ತಿ ಆಗಬೇಕಿರುತ್ತದೆ. ಇಲ್ಲಿ ದಿನವನ್ನು ಮೂರು ಪಾಲು ಮಾಡಲು ಹೊರಟರೆ ಮೂರೂ ಕೆಡುತ್ತವೆ. ವರ್ಷವನ್ನು ಪಾಲು ಮಾಡಿದರೆ ಮೂರಕ್ಕೂ ಜಾಗ ಸಿಗುತ್ತದೆ. ಅದು ಹೇಗೆ ಎನ್ನುವುದೇ ಈ ಲೇಖನದ ವಿಷಯ.

ಮೊದಲು ಇಗರ್ಜಿಯ ಕಡೆಯ ವ್ಯವಸ್ಥೆ ತಿಳಿದಿರಬೇಕು. ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಗೆ ಸೇರಿದವು. ಲ್ಯಾಟಿನ್ ಪದ್ಧತಿಯ ಕಥೋಲಿಕರಿಗೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯವೇ ಕೇಂದ್ರ. ಕೇರಳದಿಂದ ಬಂದು ನೆಲೆಸಿದ ಸೀರೋ ಮಲಬಾರ್ ಕುಟುಂಬಗಳಿಗೆ ಹಾಗಲ್ಲ. 2007ರಲ್ಲಿ ಮಾನಂದವಾಡಿ ಧರ್ಮಪ್ರಾಂತ್ಯದಿಂದ ಬೇರೆಯಾಗಿ ಭದ್ರಾವತಿ ಧರ್ಮಪ್ರಾಂತ್ಯ ಆದಾಗ, ಶಿವಮೊಗ್ಗ ಜಿಲ್ಲೆಯ ಜೊತೆಗೆ ಈ ಮೂರು ತಾಲ್ಲೂಕುಗಳೂ ಅದಕ್ಕೆ ಸೇರಿದವು. ಹಾಗಾಗಿ ಒಂದೇ ಪೇಟೆಯಲ್ಲಿ ಅಕ್ಕಪಕ್ಕದ ಅಂಗಡಿ ಇಟ್ಟುಕೊಂಡ ಕೊಂಕಣಿ ಮನೆಯ ಹುಡುಗ ಯುವ ಶಿಬಿರಕ್ಕೆ ಚಿಕ್ಕಮಗಳೂರಿನ ಕಡೆ ಹೋದರೆ, ಮಲಯಾಳಿ ಮನೆಯ ಹುಡುಗಿ ಭದ್ರಾವತಿಯ ಕಡೆ ಹೋಗುತ್ತಾಳೆ. ಎರಡೂ ಕಡೆ ದೂರ, ಎರಡಕ್ಕೂ ಒಂದಿಡೀ ದಿನ ಬೇಕು.

ಧರ್ಮಕೇಂದ್ರದ, ಅಂದರೆ ಊರಿನ ಇಗರ್ಜಿಯ, ಯುವ ಬಳಗ ನಡೆಯುವುದು ಹೀಗೆ. ಹದಿನೈದು ಹದಿನಾರು ದಾಟಿದವರಿಂದ ಮೂವತ್ತರ ಆಸುಪಾಸಿನವರ ತನಕ ಸದಸ್ಯರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅವರಲ್ಲೇ ಒಬ್ಬೊಬ್ಬರು. ಮೇಲೆ ನಿರ್ದೇಶಕರಾಗಿ ಫಾದರ್. ನಡುವೆ ಒಬ್ಬ ಆ್ಯನಿಮೇಟರ್, ಅಂದರೆ ಮದುವೆಯಾಗಿ ಮಕ್ಕಳಿರುವ, ಹುಡುಗರು ಅಕ್ಕ, ಚೇಚಿ, ಅಣ್ಣ ಎಂದು ಕರೆಯುವ ದೊಡ್ಡವರು. ಈ ಲೇಖನ ಬರೆದದ್ದು ಮುಖ್ಯವಾಗಿ ಈ ನಡುವಿನವರಿಗಾಗಿ. ಭಾನುವಾರದ ಬಲಿಪೂಜೆ ಮುಗಿದ ಮೇಲಿನ ಸಭೆ ಕಣ್ಣಿಗೆ ಕಾಣುವ ಕೆಲಸ. ಕಾಣದ್ದು ಅದರ ಹಿಂದಿನದು: ಯಾರ ಮನೆಯಲ್ಲಿ ಬಿಡುತ್ತಿಲ್ಲ, ಯಾರಿಗೆ ಬಸ್ಸಿಲ್ಲ, ಗೋದಲಿಗೆ ಬಿದಿರು ಯಾರ ತೋಟದಿಂದ, ಕೆರೋಲ್‌ಗೆ ಜೀಪು ಯಾರದು. ಇದೆಲ್ಲ ಫೋನಿನಲ್ಲಿ ನಡೆಯುತ್ತದೆ, ಹೆಚ್ಚಾಗಿ ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲೇ.

ಈಗ ವರ್ಷದ ಲೆಕ್ಕ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳು ಬರೆದು, ಮೊದಲು ತೋಟದ ಕೆಲಸವನ್ನೇ ತುಂಬಿಸಬೇಕು. ಅದು ನಮ್ಮ ಮಾತು ಕೇಳುವುದಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಬೇಕು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ, ಅದೂ ಮಳೆ ಹೊಳವು ಕೊಟ್ಟ ದಿನವೇ ಆಗಬೇಕು. ಅಂಥ ದಿನ ಭಾನುವಾರವೇ ಬಂದರೆ ಯುವ ಬಳಗದ ಸಭೆಗೆ ಅರ್ಧ ಜನ ಬರುವುದಿಲ್ಲ. ಬರಲಿಲ್ಲವೆಂದು ಬೇಸರ ಮಾಡಿಕೊಳ್ಳುವ ಆ್ಯನಿಮೇಟರ್‌ಗೆ ಈ ಊರು ಇನ್ನೂ ಅರ್ಥವಾಗಿಲ್ಲ. ಅಕ್ಟೋಬರ್ ಬಂತೆಂದರೆ ಕೊನೆ ಕೊಯ್ಲು, ಜನವರಿಯವರೆಗೂ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದರ ಹಿಂದೆಯೇ ಕಾಫಿ, ಆಮೇಲೆ ಕಾಳುಮೆಣಸು.

ಅದರ ಮೇಲೆ ಇಗರ್ಜಿಯ ಕ್ಯಾಲೆಂಡರ್ ಇಟ್ಟು ನೋಡಿ. ಲ್ಯಾಟಿನ್ ಧರ್ಮಪ್ರಾಂತ್ಯಗಳ ಯುವ ದಿನವನ್ನು 2021ರಿಂದ ಕ್ರಿಸ್ತರಾಜನ ಹಬ್ಬದ ಭಾನುವಾರಕ್ಕೆ ತಂದಿದ್ದಾರೆ. ಅದು ನವೆಂಬರ್ ಕೊನೆಗೆ ಬರುತ್ತದೆ, ಕೊಯ್ಲಿನ ನಟ್ಟ ನಡುವೆ. ಡಿಸೆಂಬರಿನಲ್ಲಿ ಕೆರೋಲ್, ಗೋದಲಿ, ನಾಟಕ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿಯೂ ಬೀಳಬಹುದು, ಅಂದರೆ ಪವಿತ್ರ ವಾರಕ್ಕೂ ಹತ್ತನೇ ತರಗತಿ, ಪಿಯುಸಿ ಪರೀಕ್ಷೆಗಳಿಗೂ ಮುಖಾಮುಖಿ ಆಗುತ್ತಲೇ ಇರುತ್ತದೆ. ಉಪವಾಸ ಕಾಲವೂ ಎಲ್ಲರಿಗೂ ಒಂದೇ ದಿನ ಶುರುವಾಗುವುದಿಲ್ಲ. ಲ್ಯಾಟಿನ್ನಿನವರಿಗೆ ಬೂದಿ ಬುಧವಾರ, ಸೀರೋ ಮಲಬಾರ್‌ನವರಿಗೆ ಅದಕ್ಕೂ ಎರಡು ದಿನ ಮೊದಲಿನ ಸೋಮವಾರ. ಎರಡೂ ಇಗರ್ಜಿಯ ಹುಡುಗರನ್ನು ಸೇರಿಸಿ ಏನಾದರೂ ಮಾಡುವವರು ಇದನ್ನು ಮರೆತು ಸೋಮವಾರ ರಾತ್ರಿ ಬಿರಿಯಾನಿ ಇಡಬಾರದು. ಬೇಸಿಗೆ ರಜೆಯಲ್ಲಿ ಶಿಬಿರ, ಸೆಪ್ಟೆಂಬರ್ 8ಕ್ಕೆ ಮಾತೆಯ ಹಬ್ಬ. ಕೊಂಕಣಿ ಮನೆಗಳಲ್ಲಿ ಅದು ಹೊಸ ತೆನೆಯ ಮೊಂತಿ ಫೆಸ್ತ್, ಸೀರೋ ಮಲಬಾರ್ ಮನೆಗಳಲ್ಲಿ ಎಂಟು ನೋಂಬು ಮುಗಿಯುವ ದಿನ.

ಇಷ್ಟು ತುಂಬಿಸಿದ ಮೇಲೆ ಹಾಳೆಯಲ್ಲಿ ಒಂದು ಜಾಗ ಖಾಲಿ ಉಳಿಯುತ್ತದೆ. ಜೂನ್ ನಡುವಿನಿಂದ ಆಗಸ್ಟ್ ಕೊನೆಯ ತನಕ. ಶೃಂಗೇರಿಯ ಕಡೆ ಆಗ ಹಗಲಿಗೂ ದೀಪ ಬೇಕು, ದೀಪಕ್ಕೆ ಕರೆಂಟಿಲ್ಲ. ಔಷಧಿಯ ದಿನ ಬಿಟ್ಟರೆ ತೋಟಕ್ಕೆ ಇಳಿಯುವಂತಿಲ್ಲ. ಜುಲೈ 3ರ ತೋಮಾಸರ ಹಬ್ಬದಂಥ ಒಂದೆರಡು ದಿನ ಬಿಟ್ಟರೆ ಇಗರ್ಜಿಯಲ್ಲೂ ದೊಡ್ಡ ಗದ್ದಲವಿಲ್ಲ. ಪತ್ರಿಕೆಗಳು ದೀಪಾವಳಿ ವಿಶೇಷಾಂಕಕ್ಕೆ, ಕಥಾಸ್ಪರ್ಧೆಗೆ ಬರಹ ಕೇಳುವುದೂ ಈ ಮಳೆಗಾಲದಲ್ಲೇ. ನಮ್ಮ ಕಡೆ ಬರೆಯುವವರಿಗೆ ಇದೇ ಸುಗ್ಗಿ. ಈ ಹನ್ನೊಂದು ವಾರಗಳಿಗೆ ಬೇರೆ ಯಾವ ಜವಾಬ್ದಾರಿಯನ್ನೂ ಒಪ್ಪಿಕೊಳ್ಳಬೇಡಿ ಎಂದು ನಾನು ಬರೆಯುವ ಗೆಳತಿಯರಿಗೆಲ್ಲ ಹೇಳುತ್ತೇನೆ. ಉದ್ದದ ಕೆಲಸ, ಅಂದರೆ ಕಾದಂಬರಿಯ ಅಧ್ಯಾಯ, ದೊಡ್ಡ ಕಥೆ, ಇಲ್ಲೇ ಆಗಬೇಕು. ಮೊದಲ ಕರಡು ಕೈಯಲ್ಲಿ ಬರೆಯುವುದೇ ಲೇಸು, ಏಕೆಂದರೆ ಕರೆಂಟು ಮೂರು ದಿನ ಬರದಿದ್ದರೂ ಪೆನ್ನು ಓಡುತ್ತದೆ. ಟೈಪಿಂಗು, ಮೇಲ್ ಕಳಿಸುವುದು ಕರೆಂಟು, ನೆಟ್‌ವರ್ಕ್ ಎರಡೂ ಇದ್ದಾಗ.

ಉಳಿದ ತಿಂಗಳುಗಳಲ್ಲಿ ಬರೆಯುವುದೇ ಇಲ್ಲವೆಂದಲ್ಲ, ಆದರೆ ಕೆಲಸದ ಬಗೆ ಬೇರೆ. ಸುಗ್ಗಿಯ ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಒಂದು ಕಾಲು ಮಣೆಯ ಮೇಲಿಟ್ಟು ಕೂತು ಅಡಿಕೆಯನ್ನು ಕತ್ತಿಗೆ ಒತ್ತಿದರೆ ಸಿಪ್ಪೆ ಎರಡೇ ಏಟಿಗೆ ಬಿಡುತ್ತದೆ. ಬೆರಳುಗಳಿಗೆ ಕಪ್ಪು ಕಲೆ ಹಿಡಿದು ವಾರಗಟ್ಟಲೆ ಹೋಗುವುದಿಲ್ಲ. ಪಕ್ಕದಲ್ಲಿ ಹಂಡೆಯಲ್ಲಿ ಚೊಗರಿನ ಜೊತೆ ಅಡಿಕೆ ಕುದಿಯುತ್ತಿರುತ್ತದೆ. ಕೈಗೆ ಪುರುಸೊತ್ತಿಲ್ಲ, ಕಿವಿಗೆ ಬೇಕಾದಷ್ಟಿದೆ. ಆ ಹೊತ್ತಿಗೆ ಬರುವ ಮಾತು, ಬೈಗುಳ, ಹಳೆಯ ಜಗಳ, ಯಾರೋ ಓಡಿಹೋದ ಕಥೆ, ಇವನ್ನೆಲ್ಲ ರಾತ್ರಿ ಮಲಗುವ ಮೊದಲು ನಾಲ್ಕು ಸಾಲು ಗುರುತು ಹಾಕಿಕೊಂಡರೆ ಸಾಕು. ಸುಗ್ಗಿಯಲ್ಲಿ ಕೂಡಿಸುವುದು, ಮಳೆಯಲ್ಲಿ ಬರೆಯುವುದು, ಶಿಬಿರ ಮುಗಿದ ಮೇ ತಿಂಗಳಲ್ಲಿ ಹಿಂದಿನ ವರ್ಷದ್ದನ್ನು ತಿದ್ದುವುದು.

ಮನೆಯ ವಿಷಯಕ್ಕೆ ಬಂದರೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗಂಡಸು ಆ್ಯನಿಮೇಟರ್ ಆದರೆ ಸಭೆ ಮುಗಿಸಿ ಎರಡು ಗಂಟೆಗೆ ಮನೆಗೆ ಬಂದಾಗ ಊಟ ಬಡಿಸಿರುತ್ತದೆ. ಹೆಂಗಸು ಆದರೆ ಅವಳು ಬಂದು ಅಡುಗೆ ಮಾಡಬೇಕು. ಗಂಡಸಿನ ಸೇವೆಯ ಅರ್ಧ ಭಾರ ಹೊರುವುದು ಹೆಂಡತಿ, ಹೆಂಗಸಿನ ಸೇವೆಯ ಭಾರವನ್ನು ಹೊರುವುದೂ ಅವಳೇ. ಹಾಗಾಗಿ ಹೊಣೆ ಒಪ್ಪಿಕೊಳ್ಳುವ ಮೊದಲು ಮನೆಯಲ್ಲಿ ಆಗಬೇಕಾದ ಮಾತು ‘ಬಿಡುತ್ತೀರಾ’ ಎಂಬುದಲ್ಲ. ಭಾನುವಾರ ಮಧ್ಯಾಹ್ನದ ಅಡುಗೆ ಯಾರದು, ಅತ್ತೆಯ ಔಷಧಿ ಯಾರು ಕೊಡುತ್ತಾರೆ, ಶಿಬಿರದ ಮೂರು ದಿನ ಹಾಲು ಯಾರು ಕರೆಯುತ್ತಾರೆ ಎನ್ನುವುದನ್ನು ಹೆಸರು ಹಿಡಿದು ತೀರ್ಮಾನಿಸಬೇಕು. ಬರವಣಿಗೆಗೂ ಇದೇ ಲೆಕ್ಕ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದೇ, ಹಾಗಾಗಿ ಬರೆಯುವವರ ಬಗ್ಗೆ ಇಲ್ಲಿ ಗೌರವಕ್ಕೆ ಕೊರತೆಯಿಲ್ಲ. ಬಾಗಿಲು ಹಾಕಿಕೊಂಡು ಕೂರುವ ಎರಡು ತಾಸು ಸಿಗುವುದು ಮಾತ್ರ ಕಷ್ಟ. ಅದನ್ನು ಕೇಳಿಯೇ ಪಡೆಯಬೇಕು.

ಸಭೆಯ ಸಮಯವನ್ನು ನಿರ್ಧರಿಸುವುದು ಕೊನೆಯ ಬಸ್ಸು. ಶಂಕರ್ ಬಸ್ ಕಂಪನಿ ಮುಚ್ಚಿದಾಗ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದ ಮೇಲೆ ಒಳಊರಿನ ಹೆಣ್ಣುಮಕ್ಕಳ ಓಡಾಟಕ್ಕೆ ಏಟು ಬಿದ್ದಿದೆ. ನಾಟಕದ ಅಭ್ಯಾಸ ಸಂಜೆ ಆರಕ್ಕೆ ಇಟ್ಟರೆ ಬೈಕ್ ಇರುವ ಹುಡುಗರ ಬಳಗವಷ್ಟೇ ಉಳಿಯುತ್ತದೆ. ಬಲಿಪೂಜೆಗೆ ಹೇಗೂ ಎಲ್ಲರೂ ಬಂದಿರುತ್ತಾರೆ, ಆಮೇಲಿನ ಒಂದೂವರೆ ಗಂಟೆಯಲ್ಲಿ ಮುಗಿಯುವಂತೆ ಕೆಲಸ ಜೋಡಿಸುವುದು ಎಲ್ಲರಿಗೂ ಒಳ್ಳೆಯದು. ಆ್ಯನಿಮೇಟರ್‌ನ ಮನೆಗೂ.

ಹದಿನೆಂಟು ತುಂಬದವರು ಬಳಗದಲ್ಲಿ ಇರುತ್ತಾರೆ ಎನ್ನುವುದನ್ನು ಸ್ವಯಂಸೇವಕರು ಒಂದು ಕ್ಷಣವೂ ಮರೆಯಬಾರದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅವರು ಮಕ್ಕಳು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಅದು ಕಾನೂನಿನ ಕಡ್ಡಾಯ. ಊರಿನ ಮಾನ, ಇಗರ್ಜಿಯ ಹೆಸರು ಎಂದು ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ. ದಿನನಿತ್ಯದ ಮಟ್ಟಿಗೆ ಎರಡು ಪದ್ಧತಿ ಇಟ್ಟುಕೊಂಡರೆ ಬಹಳಷ್ಟು ತಾಪತ್ರಯ ತಪ್ಪುತ್ತದೆ. ಮಕ್ಕಳ ಜೊತೆ ಎಲ್ಲೇ ಹೋದರೂ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸು. ಸಂದೇಶಗಳೆಲ್ಲ ವಾಟ್ಸಾಪ್ ಗುಂಪಿನಲ್ಲಿ, ರಾತ್ರಿ ಒಬ್ಬೊಬ್ಬರಿಗೇ ಬೇರೆಯಾಗಿ ಅಲ್ಲ.

ಇದಕ್ಕೆ ಅಂಟಿಕೊಂಡೇ ಬರಹಗಾರರ ದೊಡ್ಡ ಪ್ರಶ್ನೆ ಬರುತ್ತದೆ. ಶಿಬಿರದ ರಾತ್ರಿ ಒಬ್ಬಳು ಹುಡುಗಿ ಅಪ್ಪನ ಕುಡಿತದ ಬಗ್ಗೆ ಅತ್ತು ಹೇಳಿಕೊಂಡಳು ಅನ್ನಿ. ಅದು ಕಥೆಯಾಗಬಹುದೇ? ನನ್ನ ಉತ್ತರ, ಆಗಬಾರದು. ಹೆಸರು ಬದಲಿಸಿದರೆ ಸಾಕು ಎನ್ನುವವರು ಬೆಂಗಳೂರಿನಲ್ಲಿ ಇರುವವರು. ಇಲ್ಲಿ ತೋಟದ ಅಂಚಿನ ಹುಣಸೆಮರ, ಮನೆಯ ಮುಂದಿನ ತಿರುವು ಬರೆದರೆ ಸಾಕು, ಯಾರ ಮನೆಯೆಂದು ಇಡೀ ಧರ್ಮಕೇಂದ್ರಕ್ಕೆ ಗೊತ್ತಾಗುತ್ತದೆ. ಆ ಹುಡುಗಿ ಹೇಳಿಕೊಂಡದ್ದು ಅಕ್ಕನ ಹತ್ತಿರ, ಕಥೆಗಾರ್ತಿಯ ಹತ್ತಿರ ಅಲ್ಲ. ಅಂಗಳದಲ್ಲಿ ಹತ್ತು ಜನರ ನಡುವೆ ಕೇಳಿದ ಮಾತು ಬೇರೆ, ನಂಬಿ ಕೊಟ್ಟದ್ದು ಬೇರೆ. ಕೊಟ್ಟವರು ದೊಡ್ಡವರಾಗಿ, ಬರೆದದ್ದನ್ನು ಓದಿ, ಮನಸಾರೆ ಒಪ್ಪಿದರೆ ಮಾತ್ರ ಆ ಪ್ರಶ್ನೆಯನ್ನು ಮತ್ತೆ ತೆರೆಯಬಹುದು.

ಹಾಗಾದರೆ ಬರೆಯಲು ಏನಿದೆ ಎನ್ನುವವರು ನಾ. ಡಿಸೋಜ ಅವರನ್ನು ನೋಡಬೇಕು. 1937ರಲ್ಲಿ ಸಾಗರದಲ್ಲಿ ಹುಟ್ಟಿದ ಕಥೋಲಿಕ, ಲೋಕೋಪಯೋಗಿ ಇಲಾಖೆಯ ನೌಕರ. ಶರಾವತಿಯ ಅಣೆಕಟ್ಟಿನ ಕೆಲಸದ ಊರುಗಳಲ್ಲಿ ನೌಕರಿ ಮಾಡುತ್ತಲೇ, ಆ ನೀರಿನಲ್ಲಿ ಮುಳುಗಿದವರ ಬದುಕನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಗೆ ತಂದರು. ಇಗರ್ಜಿಯ ಸುತ್ತಲಿನ ಜನರ ಬಗ್ಗೆ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದರು. ಮಕ್ಕಳಿಗೆಂದು ಬರೆದ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಳೆದುಕೊಂಡವರ ನೋವು ಒಂದು ಮನೆಯ ಗುಟ್ಟಲ್ಲ, ಒಂದು ನಾಡಿನ ಅನುಭವ. ಅದನ್ನು ಅವರು ನೌಕರಿಯ ನಡುವೆಯೇ ಕಂಡರು, ನೌಕರಿ ಬಿಟ್ಟಮೇಲೆ ಹುಡುಕಲು ಹೋಗಲಿಲ್ಲ. ನರಸಿಂಹರಾಜಪುರದ ಬಗಲಿಗೂ ಭದ್ರಾ ಹಿನ್ನೀರು ನಿಂತಿದೆ. ಹಳದಿ ಎಲೆ ರೋಗಕ್ಕೆ ಸಿಕ್ಕಿ ಬರಿದಾದ ಶೃಂಗೇರಿಯ ತೋಟಗಳಿವೆ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಮೂರನೇ ತಲೆಮಾರಿನ ಮಕ್ಕಳಿದ್ದಾರೆ. ಇವು ಯಾರೂ ಗುಟ್ಟಾಗಿ ಹೇಳಿದ್ದಲ್ಲ.

ಹಣದ ಮಾತು ಚಿಕ್ಕದು. ಪತ್ರಿಕೆಯ ಗೌರವಧನದಿಂದ ಮನೆ ನಡೆಯುವುದಿಲ್ಲ, ತೋಟವೋ ನೌಕರಿಯೋ ಇರಲೇಬೇಕು. ಹದಿನೆಂಟರಿಂದ ಮೂವತ್ತೈದರ ಒಳಗಿನವರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸಬೇಕು. ಬಳಗದಲ್ಲೇ ಬರೆಯುವ ಹುಡುಗರಿದ್ದರೆ ಅವರಿಗೂ ತಿಳಿಸಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಕ್ರಿಸ್‌ಮಸ್ ನಾಟಕದ್ದು. ವರ್ಷವರ್ಷವೂ ಬಳಗಕ್ಕೆ ಬರೆದುಕೊಡುವ ನಾಟಕ, ಹಾಡು, ನಿರೂಪಣೆ ಯಾರ ಸೊತ್ತು? 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಸಂಬಳದ ನೌಕರಿಯ ಭಾಗವಾಗಿ ಬರೆದದ್ದಲ್ಲದಿದ್ದರೆ ಅದು ಬರೆದವರದೇ. ಬೇರೆಯವರಿಗೆ ಹಕ್ಕು ಹೋಗಬೇಕಾದರೆ ಲಿಖಿತ ಒಪ್ಪಂದ, ಸಹಿ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದು ಲೆಕ್ಕ. ಹಾಗಾಗಿ ಪ್ರತಿ ನಾಟಕದ ಒಂದು ಪ್ರತಿಯನ್ನು ಹೆಸರು, ತಾರೀಕು ಹಾಕಿ ಮನೆಯಲ್ಲಿ ಇಟ್ಟುಕೊಳ್ಳಿ. ಐದಾರು ಕ್ರಿಸ್‌ಮಸ್ ಕಳೆದರೆ ಮಕ್ಕಳ ನಾಟಕಗಳ ಒಂದು ಪುಸ್ತಕಕ್ಕೆ ಸಾಮಗ್ರಿ ಆಗಿರುತ್ತದೆ. ಬೇರೆ ಧರ್ಮಕೇಂದ್ರದವರು ಆಡಲು ಕೇಳಿದರೆ ಸಂತೋಷದಿಂದ ಕೊಡಿ, ಕರಪತ್ರದಲ್ಲಿ ಹೆಸರು ಹಾಕಬೇಕೆಂದು ಮಾತ್ರ ಹೇಳಿ ಕೊಡಿ.

ಕೊನೆಯದಾಗಿ, ಹೊಣೆ ಬಿಡುವ ಬಗೆ. ಒಳ್ಳೆಯ ಆ್ಯನಿಮೇಟರನ್ನು ಫಾದರ್ ಯಾಕೆ ಬಿಡುತ್ತಾರೆ? ಧರ್ಮೋಪದೇಶಕ್ಕೂ ನೀವೇ, ಗಾಯನ ತಂಡಕ್ಕೂ ನೀವೇ ಎಂದು ಒಂದೊಂದೇ ಸೇರುತ್ತದೆ. ಒಂದು ಹೊಣೆ, ಎರಡು ವರ್ಷ ಎಂದು ಶುರುವಿನಲ್ಲೇ ಗುರುಗಳಿಗೆ ಹೇಳಿ, ಎರಡನೇ ವರ್ಷದ ಜೂನ್‌ನಲ್ಲಿ ಬಳಗದಲ್ಲೇ ಇಪ್ಪತ್ತೈದು ದಾಟಿದ ಒಬ್ಬರನ್ನು ಜೊತೆಗೆ ಹಾಕಿಕೊಳ್ಳಬೇಕು. ಆ ವರ್ಷದ ಕ್ರಿಸ್‌ಮಸ್ ಅವರು ನಡೆಸಲಿ, ನೀವು ಪಕ್ಕದಲ್ಲಿರಿ. ಬೀಗದ ಕೈ, ಲೆಕ್ಕದ ಪುಸ್ತಕ, ಜೀಪಿನವರ ಮತ್ತು ಮೈಕಿನವರ ಫೋನ್ ನಂಬರ್, ಯಾವ ಮನೆಗೆ ಹೋಗಿ ಅಮ್ಮಂದಿರ ಹತ್ತಿರ ಮಾತಾಡಿದರೆ ಹುಡುಗಿಯನ್ನು ಕಳಿಸುತ್ತಾರೆ ಎಂಬ ವಿವರ, ಎಲ್ಲವನ್ನೂ ಈಸ್ಟರ್‌ಗೆ ಮೊದಲೇ ಒಪ್ಪಿಸಿಬಿಟ್ಟರೆ ಮುಂದಿನ ಮಳೆಗಾಲ ಪೂರ್ತಿ ನಿಮ್ಮದು.